ಬಂಡೆ ಏರುವ ಹೊಸಬರ ಮೊದಲ ಸಲಕರಣೆ: ಪೆಟ್ಜಲ್‌ನ ನಾಲ್ಕು ಸಾಮಾನುಗಳ ವಿಮರ್ಶೆ

ಬೆಂಗಳೂರಿನವರು ಶಿಲಾರೋಹಣ ಕಲಿಯಲು ಹೆಚ್ಚಾಗಿ ಮೊದಲು ಹೋಗುವುದು ರಾಮನಗರದ ಬಂಡೆಗಳಿಗೆ. ಅಲ್ಲಿ ಕೆಲವು ವಾರಾಂತ್ಯ ಕಳೆದು, ಬೇರೆಯವರ ಹಾರ್ನೆಸ್ (ಹಗ್ಗಕ್ಕೆ ಕಟ್ಟಿಕೊಳ್ಳಲು ಮೈಗೆ ತೊಡುವ ಪಟ್ಟಿಗಳ ಜೋಡಣೆ) ತೊಟ್ಟು ಹತ್ತಿ ಇಳಿದ ಮೇಲೆ, ಸ್ವಂತಕ್ಕೆ ಏನು ಕೊಳ್ಳಬೇಕೆಂಬ ಪ್ರಶ್ನೆ ಹುಟ್ಟುತ್ತದೆ. ಹಾಗೆ ಕೇಳಿದವರಿಗೆ ನಾನು ಸೂಚಿಸುತ್ತ ಬಂದಿರುವ ನಾಲ್ಕು ಸಾಮಾನುಗಳನ್ನು ಇಲ್ಲಿ ವಿಮರ್ಶಿಸುತ್ತಿದ್ದೇನೆ. ನಾಲ್ಕೂ ಫ್ರಾನ್ಸಿನ ಪೆಟ್ಜಲ್ ಕಂಪನಿಯವು: ಕೋರಾಕ್ಸ್ ಹಾರ್ನೆಸ್, ಅಟಾಷ್ ಕ್ಯಾರಬೀನರ್ (ತೆರೆದು ಮುಚ್ಚುವ ಬಾಗಿಲಿರುವ ಲೋಹದ ಕೊಂಡಿ), ವರ್ಸೊ ಬಿಲೇ ಸಾಧನ (ಏರುವವರ ಹಗ್ಗವನ್ನು ಜೊತೆಗಾರರು ಹಿಡಿದು ಕಾಯುವುದೇ ಬಿಲೇ) ಮತ್ತು ಬೋರಿಯೊ ಹೆಲ್ಮೆಟ್. ಇದೇ ದರ್ಜೆಯ ಸಾಮಾನನ್ನು ಬ್ಲ್ಯಾಕ್ ಡೈಮಂಡ್, ಮಮ್ಮುಟ್, ಎಡೆಲ್ರಿಡ್, ಸೈಮಂಡ್ ಮೊದಲಾದ ಕಂಪನಿಗಳೂ ತಯಾರಿಸುತ್ತವೆ. ಮಾನಕಗಳ ಬಗ್ಗೆ ಮುಂದೆ ಹೇಳುವುದೆಲ್ಲ ಅವುಗಳಿಗೂ ಅನ್ವಯಿಸುತ್ತದೆ. ಈ ವಿಮರ್ಶೆ ಟಾಪ್‌ರೋಪ್ ಆರೋಹಣಕ್ಕೆ, ಅಂದರೆ ಮೇಲಿನ ಆಧಾರದ ಮೂಲಕ ಹಾದುಬಂದ ಹಗ್ಗವನ್ನು ಕೆಳಗೆ ನಿಂತ ಜೊತೆಗಾರರು ಹಿಡಿದಿರುವ ಪದ್ಧತಿಗೆ ಸಂಬಂಧಿಸಿದ್ದು, ಏಕೆಂದರೆ ಹೊಸಬರು ಆರಂಭಿಸಬೇಕಾದದ್ದು ಅಲ್ಲಿಂದಲೇ.

ನಮ್ಮಲ್ಲಿ ಬಂಡೆ ಏರುವುದೆಂದರೆ ಅನೇಕರ ಮನಸ್ಸಿಗೆ ಮೊದಲು ಬರುವುದು ಚಿತ್ರದುರ್ಗದ ಕೋಟೆ ಗೋಡೆಯನ್ನು ಬರಿಗೈಯಲ್ಲಿ ಏರುವ ಜ್ಯೋತಿರಾಜ್ ಅವರ ಚಿತ್ರ. ಅವರ ಕೌಶಲದ ಬಗ್ಗೆ ನನಗೆ ಅಪಾರ ಗೌರವವಿದೆ, ಆದರೆ ಅದನ್ನು ನೋಡಿ ಸಲಕರಣೆ ಐಚ್ಛಿಕವೆಂದು ಭಾವಿಸುವ ಹೊಸಬರನ್ನು ಕಂಡಾಗ ನಿಜವಾಗಿಯೂ ಭಯವಾಗುತ್ತದೆ. ಅದಕ್ಕಿಂತ ಹೆಚ್ಚಿನ ಭಯ ಹುಟ್ಟಿಸುವುದು ಸಲಕರಣೆಯಂತೆ ಕಾಣುವ, ಆದರೆ ಯಾವ ಪರೀಕ್ಷೆಗೂ ಒಳಪಡದ ಸಾಮಾನು. ಬೀಗದ ಕೈ ಗೊಂಚಲಿಗೆ ಹಾಕುವ ಬಣ್ಣದ ಕೊಂಡಿ, ಬೋರ್‌ವೆಲ್ ಮೋಟಾರ್ ಇಳಿಸುವ ಹಗ್ಗ, ಕಟ್ಟಡ ಕಾರ್ಮಿಕರ ಸೇಫ್ಟಿ ಬೆಲ್ಟ್ ಇವೆಲ್ಲ ತಮ್ಮ ತಮ್ಮ ಕೆಲಸಕ್ಕೆ ಸರಿಯಾದ ವಸ್ತುಗಳೇ ಆಗಿದ್ದರೂ ಬಂಡೆಯ ಮೇಲೆ ಜೀವ ಹಿಡಿಯಲು ತಯಾರಾದವಲ್ಲ.

ಆದ್ದರಿಂದ ಯಾವ ಸಾಮಾನನ್ನಾದರೂ ಕೈಗೆತ್ತಿಕೊಂಡಾಗ ಬೆಲೆಯ ಚೀಟಿಗಿಂತ ಮೊದಲು ಗುರುತುಗಳನ್ನು ಓದಬೇಕು. ಯೂರೋಪಿನ ನಿಯಮದ ಪ್ರಕಾರ ಎತ್ತರದಿಂದ ಬೀಳುವುದನ್ನು ತಡೆಯುವ ಸಲಕರಣೆ ಮೂರನೆಯ ವರ್ಗಕ್ಕೆ, ಅಂದರೆ ಜೀವಾಪಾಯದ ವರ್ಗಕ್ಕೆ ಸೇರುತ್ತದೆ. ಹಾಗಾಗಿ ಅದರ ಮೇಲೆ ಸಿ.ಇ. ಎಂಬ ಗುರುತಷ್ಟೇ ಇದ್ದರೆ ಸಾಲದು. ಅದರ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಸಂಖ್ಯೆಯೂ ಇರಬೇಕು. ತಯಾರಿಕೆಯ ಮೇಲೆ ನಿಗಾ ಇಡುವ ಸ್ವತಂತ್ರ ಸಂಸ್ಥೆಯ ಸಂಖ್ಯೆ ಅದು. ಇದರ ಜೊತೆಗೆ ಇ.ಎನ್., ಅಂದರೆ ಯೂರೋಪಿನ ಮಾನಕದ ಸಂಖ್ಯೆ ಇರುತ್ತದೆ, ಮತ್ತು ಹಲವು ಸಾಮಾನುಗಳ ಮೇಲೆ ಯು.ಐ.ಎ.ಎ. ಮುದ್ರೆಯೂ ಇರುತ್ತದೆ. 1932ರಲ್ಲಿ ಶಾಮೊನಿಯಲ್ಲಿ ಹುಟ್ಟಿದ ಆ ಪರ್ವತಾರೋಹಿ ಸಂಘಗಳ ಒಕ್ಕೂಟ 1960ರಲ್ಲಿ ಹಗ್ಗಗಳಿಗೆ ಮಾನಕ ರೂಪಿಸಿತು. ಇಂದಿನ ಪರೀಕ್ಷೆಗಳು ಬೆಳೆದದ್ದು ಆ ಬುನಾದಿಯ ಮೇಲೆ. ಸ್ಕೂಟರ್ ಹೆಲ್ಮೆಟ್ ಕೊಳ್ಳುವಾಗ ಐ.ಎಸ್.ಐ. ಗುರುತು ನೋಡುವ ಅಭ್ಯಾಸವಿರುವವರಿಗೆ ಇದೇನೂ ಕಷ್ಟವಲ್ಲ.

ಮೊದಲು ಹಾರ್ನೆಸ್. ಕೋರಾಕ್ಸ್‌ನ ತೂಕ ಸುಮಾರು ಅರ್ಧ ಕಿಲೋ, ಮತ್ತು ಇದು ಇ.ಎನ್. 12277 ಮಾನಕದ ಸಿ ಮಾದರಿಯ, ಅಂದರೆ ಸೊಂಟ ಹಾಗೂ ತೊಡೆಗಳಿಗೆ ತೊಡುವ ಹಾರ್ನೆಸ್. ಸೊಂಟದ ಪಟ್ಟಿಗೆ ಎಡಬಲಗಳಲ್ಲಿ ಒಂದೊಂದು ಬಕಲ್ ಇರುವುದರಿಂದ ತೆಳ್ಳಗಿನವರು ತೊಟ್ಟರೂ ದಪ್ಪನೆಯವರು ತೊಟ್ಟರೂ ನಡುವಿನ ಬಿಲೇ ಲೂಪ್ (ಬಿಲೇ ಸಾಧನ ಸಿಕ್ಕಿಸುವ ಗಟ್ಟಿ ಪಟ್ಟಿಯ ಬಳೆ) ಪಕ್ಕಕ್ಕೆ ಜರುಗದೆ ಹೊಕ್ಕುಳಿನ ನೇರಕ್ಕೆ ನಿಲ್ಲುತ್ತದೆ. ಒಂದೇ ಬಕಲ್ ಇರುವ ಅಗ್ಗದ ಹಾರ್ನೆಸ್‌ಗಳಲ್ಲಿ ಈ ಅನುಕೂಲ ಇರುವುದಿಲ್ಲ. ತೊಡೆಯ ಪಟ್ಟಿಗಳನ್ನೂ ಹಿಗ್ಗಿಸಿ ಕುಗ್ಗಿಸಬಹುದು. ಮನೆಯಲ್ಲಿ ಇಬ್ಬರು ಕಲಿಯುತ್ತಿದ್ದು ಸದ್ಯಕ್ಕೆ ಒಂದೇ ಹಾರ್ನೆಸ್ ಕೊಳ್ಳುವ ಶಕ್ತಿಯಿದ್ದರೆ ಅಂಥವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆಯನ್ನು ನಾನು ನೋಡಿಲ್ಲ. ಇದರ ಬಕಲ್‌ಗಳಲ್ಲಿ ಪಟ್ಟಿ ಮೊದಲೇ ಹಿಂದಕ್ಕೆ ಮಡಚಿ ಹಾದುಬಂದಿರುತ್ತದೆ, ಎಳೆದು ಬಿಗಿಮಾಡಿದರೆ ಸಾಕು. ಹಳೆಯ ಮಾದರಿಯ ಬಕಲ್‌ಗಳಲ್ಲಿ ಪಟ್ಟಿಯನ್ನು ಪ್ರತಿಸಲವೂ ಕೈಯಾರೆ ಹಿಂದಕ್ಕೆ ಪೋಣಿಸಬೇಕಿತ್ತು, ಮತ್ತು ಅದನ್ನು ಮರೆತರೆ ಭಾರ ಬಿದ್ದಾಗ ಪಟ್ಟಿ ಜಾರಿಹೋಗುವ ಸಾಧ್ಯತೆಯಿತ್ತು. ಕಲಿಯುವವರ ಗಮನ ಹತ್ತು ಕಡೆ ಹಂಚಿಹೋಗಿರುತ್ತದೆ. ಮರೆಯಬಹುದಾದ ಒಂದು ಕೆಲಸವನ್ನು ಸಾಮಾನೇ ಇಲ್ಲವಾಗಿಸುವುದಾದರೆ ಅದಕ್ಕೆ ಹೆಚ್ಚು ಹಣ ಕೊಡುವುದು ಸರಿ.

ಬೇಸಿಗೆಯಲ್ಲಿ ರಾಮನಗರದಲ್ಲಿ ತೊಟ್ಟು ನಿಂತರೆ ಇದರ ದಪ್ಪನೆಯ ಮೆತ್ತೆ ಬೆವರು ಹಿಡಿಯುತ್ತದೆಂಬುದು ನಿಜ. ಆದರೆ ಟಾಪ್‌ರೋಪ್‌ನಲ್ಲಿ ಹೊಸಬರು ಹತ್ತುವುದಕ್ಕಿಂತ ಹೆಚ್ಚು ಹೊತ್ತು ನೇತಾಡುತ್ತಲೇ ಇರುತ್ತಾರೆ, ಆಗ ಆ ಮೆತ್ತೆಯ ಬೆಲೆ ತಿಳಿಯುತ್ತದೆ. ಒಂದು ಎಚ್ಚರಿಕೆಯನ್ನು ಮಾತ್ರ ಸ್ಪಷ್ಟವಾಗಿ ಹೇಳಬೇಕು. ಸೊಂಟದ ಪಟ್ಟಿಯಲ್ಲಿ ಸಾಮಾನು ನೇತುಹಾಕಲು ನಾಲ್ಕು ಗೇರ್ ಲೂಪ್‌ಗಳಿವೆ. ಅವು ಕೆಲವೇ ಕಿಲೋ ಭಾರಕ್ಕೆ ಮೀಸಲು, ಮೈಭಾರ ಹೊರುವುದಕ್ಕಲ್ಲ. ಹಗ್ಗವನ್ನು ಫಿಗರ್ ಎಯ್ಟ್ ಎಂಬ ಎಂಟರ ಆಕಾರದ ಗಂಟಿನಿಂದ ಕಟ್ಟಿಕೊಳ್ಳಬೇಕಾದದ್ದು ಸೊಂಟ ಮತ್ತು ತೊಡೆಯ ಪಟ್ಟಿಗಳನ್ನು ಕೂಡಿಸುವ ಮೇಲಿನ ಹಾಗೂ ಕೆಳಗಿನ ಎರಡೂ ಕಟ್ಟುಬಿಂದುಗಳ ಮೂಲಕ. ಬಿಲೇ ಸಾಧನವನ್ನು ಸಿಕ್ಕಿಸಬೇಕಾದದ್ದು ಬಿಲೇ ಲೂಪ್‌ಗೆ. ಮಾನಕದ ಪರೀಕ್ಷೆಯಲ್ಲಿ ಈ ಹಾರ್ನೆಸ್‌ಗಳು 15 ಕಿಲೋನ್ಯೂಟನ್, ಅಂದರೆ ಸುಮಾರು ಒಂದೂವರೆ ಟನ್ ಭಾರದಷ್ಟು ಎಳೆತವನ್ನು ತಾಳಬೇಕು, ಆದರೆ ಆ ಭರವಸೆ ಇರುವುದು ಸರಿಯಾದ ಬಿಂದುವಿಗೆ ಕಟ್ಟಿದವರಿಗೆ ಮಾತ್ರ.

ಕಿಲೋನ್ಯೂಟನ್ ಲೆಕ್ಕ ಬಂದ ಮೇಲೆ ಕ್ಯಾರಬೀನರ್ ವಿಷಯಕ್ಕೆ ಬರೋಣ, ಏಕೆಂದರೆ ಅಲ್ಲಿ ಅಂಕಿಗಳನ್ನು ಲೋಹದ ಮೈಮೇಲೆಯೇ ಕೆತ್ತಿರುತ್ತಾರೆ. ಅಟಾಷ್ ಮೇಲೆ ಮೂರು ಅಂಕಿಗಳಿವೆ: ಉದ್ದಕ್ಕೆ ಎಳೆದರೆ 22, ಅಡ್ಡಕ್ಕೆ ಎಳೆದರೆ 7, ಬಾಗಿಲು ತೆರೆದಿದ್ದರೆ 6. ಒಂದು ಕಿಲೋನ್ಯೂಟನ್ ಎಂದರೆ ಸುಮಾರು 102 ಕಿಲೋ ತೂಗುವ ವಸ್ತುವಿನ ಭಾರ. ಎಪ್ಪತ್ತು ಕಿಲೋ ಮನುಷ್ಯನಿಗೆ ಎರಡು ಸಾವಿರ ಕಿಲೋ ತಾಳುವ ಕೊಂಡಿ ಏತಕ್ಕೆ ಎಂದು ಕೇಳುವವರಿದ್ದಾರೆ, ಮತ್ತು ಆ ಪ್ರಶ್ನೆ ನ್ಯಾಯವಾದದ್ದು. ಬೀಳುವ ದೇಹವನ್ನು ಹಗ್ಗ ತಡೆದು ನಿಲ್ಲಿಸುವಾಗ ಹುಟ್ಟುವ ಬಲ ಆ ದೇಹದ ತೂಕಕ್ಕಿಂತ ಹಲವು ಪಟ್ಟು ಇರಬಹುದು. ಅದಲ್ಲದೆ ಮೇಲಿನ ಆಧಾರದ ಕ್ಯಾರಬೀನರ್‌ನಲ್ಲಿ ಹಗ್ಗ ತಿರುಗಿ ಬರುವುದರಿಂದ ಏರುವವರ ಕಡೆಯ ಎಳೆತ ಮತ್ತು ಹಿಡಿದವರ ಕಡೆಯ ಎಳೆತ ಎರಡೂ ಅಲ್ಲಿ ಕೂಡಿಕೊಳ್ಳುತ್ತವೆ. ಘರ್ಷಣೆಯನ್ನು ಕಳೆದರೂ ಆಧಾರದ ಮೇಲೆ ಬೀಳುವುದು ಏರುವವರ ಕಡೆಯ ಎಳೆತದ ಸುಮಾರು 1.6ರಿಂದ 1.7 ಪಟ್ಟು. ಇನ್ನು ಅದೇ ಕೊಂಡಿ ಅಡ್ಡತಿರುಗಿ ನಿಂತರೆ ಅಥವಾ ಬಾಗಿಲು ತೆರೆದುಕೊಂಡರೆ ಅದರ ತಾಳಿಕೆ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ದೊಡ್ಡ ಅಂಕಿಯನ್ನು ನೋಡಿ ನೆಮ್ಮದಿಯಾಗುವವರು ಪಕ್ಕದ ಚಿಕ್ಕ ಅಂಕಿಗಳನ್ನು ಹೆಚ್ಚು ಗಮನದಿಂದ ಓದಬೇಕೆಂದು ನಾನು ಹೇಳುವುದು ಇದಕ್ಕಾಗಿ.

ಅಟಾಷ್ ಪೇರ್ ಹಣ್ಣಿನ ಆಕಾರದ (ಒಂದು ತುದಿ ಅಗಲ, ಇನ್ನೊಂದು ಕಿರಿದು), ತಿರುಪಿನ ಬೀಗವಿರುವ ಕ್ಯಾರಬೀನರ್. ತಿರುಪು ಪೂರ್ತಿ ಹಾಕಿರದಿದ್ದರೆ ಒಂದು ಕೆಂಪು ಪಟ್ಟಿ ಎದ್ದು ಕಾಣುತ್ತದೆ. ಕೆಳಗಿನಿಂದ ಮೇಲಕ್ಕೆ ಹತ್ತುವ ಮೊದಲು ಜೊತೆಗಾರರು ಪರಸ್ಪರರ ಗಂಟು, ಬಕಲ್, ಬೀಗಗಳನ್ನು ನೋಡಿಕೊಳ್ಳುವ ಪದ್ಧತಿ ಎಲ್ಲ ಒಳ್ಳೆಯ ತರಬೇತಿಗಳಲ್ಲೂ ಇದೆ, ಮತ್ತು ಆ ಹೊತ್ತಿನಲ್ಲಿ ಈ ಕೆಂಪು ಪಟ್ಟಿ ಎದುರಿಗಿರುವವರ ಕಣ್ಣಿಗೂ ಬೀಳುತ್ತದೆ. ಇದರ ಬಾಗಿಲಿನ ತುದಿಯಲ್ಲಿ ಕೊಕ್ಕೆಯಿಲ್ಲದ ಕಾರಣ ಹಗ್ಗವಾಗಲಿ ಬಿಲೇ ಲೂಪ್ ಆಗಲಿ ಸಿಕ್ಕಿಕೊಳ್ಳುವುದಿಲ್ಲ. ಸಣ್ಣ ಸಂಗತಿ, ಆದರೆ ದಿನವಿಡೀ ಬಳಸಿದ ಮೇಲೆ ಇದರಿಂದ ಎಷ್ಟು ಅನುಕೂಲವೆಂದು ಗೊತ್ತಾಗುತ್ತದೆ.

ವರ್ಸೊ ಕೊಳವೆಯಾಕಾರದ ಸರಳ ಬಿಲೇ ಸಾಧನ. ಹಗ್ಗವನ್ನು ಮಡಚಿ ಒಳಗೆ ತೂರಿಸಿ ಕ್ಯಾರಬೀನರ್‌ಗೆ ಸಿಕ್ಕಿಸಿದರೆ ಮುಗಿಯಿತು; ಒಂದು ಬದಿಯ ಹಲ್ಲಿನಂಥ ಗೀರುಗಳು ಘರ್ಷಣೆ ಹೆಚ್ಚಿಸುತ್ತವೆ. ಬಿಲೇ ಹಿಡಿಯುವ ಕೈ ಏನು ಮಾಡುತ್ತಿದೆ, ಹಗ್ಗ ಹೇಗೆ ನಿಲ್ಲುತ್ತದೆ ಎಂಬುದು ಇದರಲ್ಲಿ ಸ್ಪಷ್ಟವಾಗಿ ತಿಳಿಯುವುದರಿಂದ ತರಬೇತುದಾರರ ಎದುರಿನಲ್ಲಿ ಕಲಿಯಲು ಇದು ಯೋಗ್ಯ. ಆದರೆ ಕೈ ಬಿಟ್ಟರೆ ಇದು ಹಗ್ಗವನ್ನು ಹಿಡಿಯದು. ಅದೇ ಕಂಪನಿಯ ಗ್ರಿಗ್ರಿ ಎಂಬ ಸಾಧನ 1991ರಿಂದ ಬಳಕೆಯಲ್ಲಿದ್ದು, ಹಠಾತ್ತನೆ ಎಳೆತ ಬಿದ್ದಾಗ ಒಳಗಿನ ಕ್ಯಾಮ್ ಎಂಬ ತಿರುಗುವ ಭಾಗ ಹೊರಳಿ ಹಗ್ಗವನ್ನು ಒತ್ತಿಹಿಡಿಯುತ್ತದೆ. ಗ್ರಿಗ್ರಿ ತುಂಬ ದುಬಾರಿ, ಆದರೂ ತಿಂಗಳಿಗೊಮ್ಮೆ ಮಾತ್ರ ಬಂಡೆಗೆ ಹೋಗುವವರು ಹಣ ಕೂಡಿಸಿ ಅದನ್ನೇ ಕೊಳ್ಳುವುದು ಮೇಲು ಎಂದು ನಾನು ಭಾವಿಸುತ್ತೇನೆ, ಏಕೆಂದರೆ ಅಭ್ಯಾಸ ಕಡಿಮೆ ಇರುವ ಕೈಗೆ ಎರಡನೆಯ ಕಾವಲು ಬೇಕು. ಗ್ರಿಗ್ರಿ ಬಳಸುವಾಗಲೂ ಕೆಳಗಿನ ಹಗ್ಗದಿಂದ ಕೈ ತೆಗೆಯುವಂತಿಲ್ಲ, ಮತ್ತು ಹಗ್ಗವನ್ನು ಹಿಂದುಮುಂದಾಗಿ ಹಾಕಿದರೆ ಅದು ಹಿಡಿಯುವುದೇ ಇಲ್ಲ. ಸರಿಯಾದ ದಿಕ್ಕಿನ ಚಿತ್ರವನ್ನು ಸಾಧನದ ಮೇಲೆಯೇ ಕೊಟ್ಟಿರುತ್ತಾರೆ. ಹಾಕಿದ ಮೇಲೆ ಏರುವವರ ಕಡೆಯ ಹಗ್ಗವನ್ನು ಒಮ್ಮೆ ಜಗ್ಗಿ, ನಿಂತಿತೆಂದು ಖಾತ್ರಿ ಮಾಡಿಕೊಂಡೇ ಹತ್ತಲು ಒಪ್ಪಿಗೆ ಕೊಡಬೇಕು.

ಹೆಲ್ಮೆಟ್ ವಿಷಯದಲ್ಲಿ ನಮ್ಮವರ ಉದಾಸೀನ ನನ್ನನ್ನು ಬಹಳ ಕಾಡುತ್ತದೆ. ಬೋರಿಯೊ 300 ಗ್ರಾಂಗಿಂತ ತುಸು ಕಡಿಮೆ ತೂಗುತ್ತದೆ, ಹೊರಗೆ ಗಟ್ಟಿ ಪ್ಲಾಸ್ಟಿಕ್ ಚಿಪ್ಪು, ಒಳಗೆ ಎರಡು ಬಗೆಯ ಫೋಮ್. ಮೇಲಿನಿಂದ ಬೀಳುವ ಕಲ್ಲಿಗಷ್ಟೇ ಅಲ್ಲದೆ, ಜಾರಿದಾಗ ತಲೆ ಬಂಡೆಗೆ ಪಕ್ಕದಿಂದ ಬಡಿಯುವುದಕ್ಕೂ ರಕ್ಷಣೆ ಇರುವಂತೆ ಇದನ್ನು ರೂಪಿಸಿದ್ದಾರೆ. ಇದರ ಬದಲು ಕಟ್ಟಡ ಕೆಲಸದ ಹಳದಿ ಹೆಲ್ಮೆಟ್ ಸಾಲದೇ ಎಂದು ಕೇಳುವವರಿಗೆ ಉತ್ತರ ಗಲ್ಲದ ಪಟ್ಟಿಯಲ್ಲಿದೆ. ಕೈಗಾರಿಕಾ ಹೆಲ್ಮೆಟ್‌ಗಳ ಇ.ಎನ್. 397 ಮಾನಕದ ಪ್ರಕಾರ ಪಟ್ಟಿ 150ರಿಂದ 250 ನ್ಯೂಟನ್ ಎಳೆತಕ್ಕೆ ಬಿಚ್ಚಿಕೊಳ್ಳಬೇಕು, ಏಕೆಂದರೆ ಹೆಲ್ಮೆಟ್ ಎಲ್ಲಾದರೂ ಸಿಕ್ಕಿಕೊಂಡರೆ ಕಾರ್ಮಿಕರ ಕತ್ತು ಬಿಗಿಯಬಾರದು. ಪರ್ವತಾರೋಹಣದ ಇ.ಎನ್. 12492 ಮಾನಕದಲ್ಲಿ ಪಟ್ಟಿ 500 ನ್ಯೂಟನ್‌ವರೆಗೂ ತಾಳಬೇಕು, ಏಕೆಂದರೆ ಬೀಳುವಾಗ ಹೆಲ್ಮೆಟ್ ತಲೆಯ ಮೇಲೆ ಉಳಿಯಲೇಬೇಕು. ಒಂದೇ ಭಾಗಕ್ಕೆ ಎರಡು ವಿರುದ್ಧ ಅಗತ್ಯಗಳಿರುವಾಗ ಒಂದರ ಜಾಗದಲ್ಲಿ ಇನ್ನೊಂದು ನಡೆಯುವುದಿಲ್ಲ. ಕೆಳಗೆ ನಿಂತು ಬಿಲೇ ಮಾಡುವವರೂ ಹೆಲ್ಮೆಟ್ ಹಾಕಬೇಕು, ಕಲ್ಲು ಬೀಳುವುದು ಅವರ ಮೇಲೆಯೇ.

ಹಗ್ಗವನ್ನು ಮೊದಲ ವರ್ಷ ಕೊಳ್ಳಬೇಡಿ ಎನ್ನುವುದು ನನ್ನ ಸಲಹೆ. ಅದರ ಆರೈಕೆಯನ್ನು, ಮೇಲಿನ ಆಧಾರ ಕಟ್ಟುವುದನ್ನು ಕಲಿತ ನಂತರವೇ ಅದು ಉಪಯೋಗಕ್ಕೆ ಬರುವುದು, ಮತ್ತು ಆ ಕಲಿಕೆಗೆ ರಾಮನಗರದಲ್ಲಿಯೇ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂಥ ಸಂಸ್ಥೆಯ ತರಬೇತಿ ಶಿಬಿರಗಳಿವೆ. ಆದರೆ ಬೇರೆಯವರ ಹಗ್ಗಕ್ಕೆ ನಿಮ್ಮ ಜೀವ ಕಟ್ಟುವಾಗ ಅದು ಯಾವ ಹಗ್ಗವೆಂದು ಕೇಳುವ ಹಕ್ಕು ನಿಮಗಿದೆ. ಇ.ಎನ್. 892 ಮಾನಕದ ಡೈನಮಿಕ್ ಹಗ್ಗ ಎಳೆದಾಗ ಹಿಗ್ಗಿ ಬೀಳುವ ವೇಗವನ್ನು ಮೆಲ್ಲಗೆ ನುಂಗುತ್ತದೆ. ಒಂಟಿಯಾಗಿಯೇ ಬಳಸುವ ಹಗ್ಗವಾದರೆ 80 ಕಿಲೋ ಭಾರದ ಕಠಿಣ ಬೀಳುವಿಕೆಗಳನ್ನು ಕನಿಷ್ಠ ಐದು ಸಲ ತಾಳಬೇಕು, ಮತ್ತು ಮೊದಲ ಬೀಳುವಿಕೆಯಲ್ಲಿ ಹುಟ್ಟುವ ಬಲ 12 ಕಿಲೋನ್ಯೂಟನ್ ಮೀರಬಾರದು. ಅದರ ತುದಿಯ ಪಟ್ಟಿಯ ಮೇಲೆ ವೃತ್ತದೊಳಗೆ 1 ಎಂದು ಬರೆದಿರುತ್ತದೆ. ಬೋರ್‌ವೆಲ್ ಹಗ್ಗಕ್ಕೆ ಇಂಥ ಪರೀಕ್ಷೆಯೇ ಇಲ್ಲ. ರಾಮನಗರದ ಕ್ಲೋಸ್‌ಪೇಟೆ ಗ್ರಾನೈಟ್‌ನಲ್ಲಿ ದೊಡ್ಡ ಹರಳುಗಳಿದ್ದು ಮೈ ಬಹಳ ಒರಟು. ಅಂಚಿಗೆ ಉಜ್ಜುವ ಹಗ್ಗದ ಹೊರಕವಚ ಬೇಗ ಸವೆಯುತ್ತದೆ. ಬಂಡೆಯ ಅಂಚಿನಲ್ಲಿ ಹಗ್ಗದಡಿ ದಪ್ಪ ಬಟ್ಟೆ ಅಥವಾ ರಕ್ಷಾಕವಚ ಹಾಕದೆ ಟಾಪ್‌ರೋಪ್ ಕಟ್ಟುವ ಗುಂಪಿನೊಂದಿಗೆ ಹತ್ತಬೇಡಿ.

ಕೊಳ್ಳುವುದನ್ನು ಅಧಿಕೃತ ಮಾರಾಟಗಾರರಿಂದಲೇ ಕೊಳ್ಳಿ. ಪೆಟ್ಜಲ್ ಕಂಪನಿಯೇ ತನ್ನ ಸಾಮಾನುಗಳ ನಕಲಿನ ಬಗ್ಗೆ ಹಿಂದೆ ಎಚ್ಚರಿಕೆ ಕೊಟ್ಟಿತ್ತು, ಮತ್ತು ಆನ್‌ಲೈನ್‌ನಲ್ಲಿ ನಂಬಲಾಗದಷ್ಟು ಅಗ್ಗಕ್ಕೆ ಸಿಗುವ ಕ್ಯಾರಬೀನರ್ ಮೇಲೆಯೂ ಅಂಕಿಗಳನ್ನು ಕೆತ್ತುವುದು ಕಷ್ಟವೇನಲ್ಲ. ಬಿಲ್ ಇಟ್ಟುಕೊಳ್ಳಿ, ಪ್ರತ್ಯೇಕ ಕ್ರಮಸಂಖ್ಯೆಯನ್ನು ಬರೆದಿಡಿ, ಜೊತೆಗೆ ಬರುವ ಮಡಚಿದ ಹಾಳೆಯನ್ನು ಎಸೆಯಬೇಡಿ. ಹಾರ್ನೆಸ್, ಹೆಲ್ಮೆಟ್ ಮೊದಲಾದ ನಾರಿನ ಹಾಗೂ ಪ್ಲಾಸ್ಟಿಕ್ ಸಾಮಾನಿಗೆ ಕಂಪನಿ ಹೇಳುವ ಗರಿಷ್ಠ ಆಯಸ್ಸು ತಯಾರಾದ ದಿನದಿಂದ 10 ವರ್ಷ. ದೊಡ್ಡ ಬೀಳುವಿಕೆ, ಹರಿದ ಹೊಲಿಗೆ ಅಥವಾ ರಾಸಾಯನಿಕದ ಸ್ಪರ್ಶವಾದರೆ ಅದಕ್ಕೂ ಮೊದಲೇ ಬಿಡಬೇಕು. ಈ ಕಾರಣಕ್ಕಾಗಿಯೇ ಇತಿಹಾಸ ಗೊತ್ತಿಲ್ಲದ ಸೆಕೆಂಡ್ ಹ್ಯಾಂಡ್ ಹಾರ್ನೆಸ್ ಎಷ್ಟೇ ಹೊಸದಾಗಿ ಕಂಡರೂ ನಾನು ಬೇಡವೆನ್ನುತ್ತೇನೆ. ನಮ್ಮ ಮನೆಗಳಲ್ಲಿ ಇನ್ವರ್ಟರ್ ಬ್ಯಾಟರಿ ಇಟ್ಟ ಮೂಲೆಯಲ್ಲೇ ಚೀಲಗಳನ್ನು ಇಡುವ ರೂಢಿಯಿದೆ. ಬ್ಯಾಟರಿಯ ಆಮ್ಲ ನೈಲಾನನ್ನು ಕಣ್ಣಿಗೆ ಕಾಣದಂತೆ ದುರ್ಬಲಗೊಳಿಸುತ್ತದೆ, ಆದ್ದರಿಂದ ಈ ಸಾಮಾನನ್ನು ಅಲ್ಲಿಂದ ದೂರ, ಬಿಸಿಲು ಬೀಳದ ಒಣ ಜಾಗದಲ್ಲಿ ಇಡಿ.

ನಾಲ್ಕನ್ನೂ ಒಟ್ಟಿಗೆ ಕೊಳ್ಳಲಾಗದಿದ್ದರೆ ಮೊದಲು ಹೆಲ್ಮೆಟ್, ನಂತರ ಹಾರ್ನೆಸ್, ಆಮೇಲೆ ಕ್ಯಾರಬೀನರ್ ಮತ್ತು ಬಿಲೇ ಸಾಧನ. ಮಕ್ಕಳಿಗಾಗಿ ಕೇಳುವ ತಂದೆತಾಯಿಯರಿಗೆ ಮಾತ್ರ ಕೋರಾಕ್ಸ್ ಬೇಡವೆಂದು ಹೇಳುತ್ತೇನೆ: ಚಿಕ್ಕ ಮಕ್ಕಳ ಸೊಂಟ ಇನ್ನೂ ರೂಪುಗೊಂಡಿರುವುದಿಲ್ಲ, ತಲೆಕೆಳಗಾದರೆ ಸೊಂಟದ ಹಾರ್ನೆಸ್‌ನಿಂದ ಜಾರಿಬಿಡಬಹುದು. 40 ಕಿಲೋವರೆಗಿನವರಿಗಾಗಿ ಅದೇ ಮಾನಕದಲ್ಲಿ ಬಿ ಮಾದರಿಯ ಪೂರ್ಣದೇಹದ ಹಾರ್ನೆಸ್ ಇದೆ, ಅಂಗಡಿಯಲ್ಲಿ ಅದನ್ನೇ ಕೇಳಿ.