ಮಡಚು ಚಾಕು ಕೊಳ್ಳುವವರೇ, ಅಲಗಿಗಿಂತ ಮೊದಲು ಕೀಲು ನೋಡಿ

ಮಳೆಗಾಲಕ್ಕೆ ಮುಂಚೆ ಕಸಿ ಕಟ್ಟಲು ಹೊಸ ಚಾಕು ತರಿಸಬೇಕೆಂದಿರುವ ಮಲೆನಾಡಿನವರು, ಕರಾವಳಿಯವರು ದಯವಿಟ್ಟು ಇದನ್ನು ಓದಿ. ಕಾರ್ಬನ್ ಸ್ಟೀಲಿನ ಮಡಚು ಚಾಕು ನಂಬಿ ನನ್ನ ತೋರುಬೆರಳಿಗೆ ಐದು ಹೊಲಿಗೆ ಬಿದ್ದಿದೆ. ಒಂದು ವರ್ಷದ ಅಪ್ಪೆಮಿಡಿ ಮಾವಿನ ಕಸಿಯೂ ಕೈತಪ್ಪಿತು.

ಚಾಕು ನೋಡಲು ಬಹಳ ಚಂದ. ಅಮೆರಿಕದ ಹಳೆಯ ಮಾದರಿ, ಮೂಳೆಯ ಹಿಡಿ, ಎರಡು ಅಲಗು, ಹಿಂಬದಿಗೆ ಸ್ಪ್ರಿಂಗ್. ನಾನು ಸ್ಟೇನ್‌ಲೆಸ್ ಕೇಳಿದ್ದೆ. ಮಾರುವವರು ಫೋನಿನಲ್ಲೇ ಅರ್ಧ ಗಂಟೆ ಮಾತಾಡಿ ಮನಸ್ಸು ತಿರುಗಿಸಿದರು. ಸ್ಟೇನ್‌ಲೆಸ್ ಹರಿತ ನಿಲ್ಲುವುದಿಲ್ಲ, ಕೆಲಸ ಬಲ್ಲವರು ಕಾರ್ಬನ್ನೇ ಒಯ್ಯುವುದು, ಬಳಸುತ್ತಾ ಹೋದಂತೆ ಅಲಗು ಕಪ್ಪಾಗುತ್ತದೆ, ಆ ಕಪ್ಪೇ ತುಕ್ಕನ್ನು ತಡೆಯುತ್ತದೆ ಎಂದರು. ಇದರಲ್ಲಿ ಪೂರ್ತಿ ಸುಳ್ಳು ಯಾವುದೂ ಇಲ್ಲ. ಅದಕ್ಕೇ ನಂಬಿದೆ.

ಮೊದಲ ತಿಂಗಳು ನಾನೂ ಅದನ್ನೇ ಹೊಗಳಿಕೊಂಡು ತಿರುಗಿದೆ. ನುಣುಪು ಕಲ್ಲಿನ ಮೇಲೆ ನಾಲ್ಕು ಸಲ ಎಳೆದರೆ ಸಾಕು, ಕೈ ರೋಮ ಬೋಳಿಸುವಷ್ಟು ಹರಿತ. ಮಾವಿನ ಸೊನೆ ತಾಗಿದಲ್ಲೆಲ್ಲ ಅಲಗು ನೀಲಿ ಬೂದು ಬಣ್ಣಕ್ಕೆ ತಿರುಗಿತ್ತು. ಹಸಿ ಅಡಿಕೆ ಸೀಳಿದರೆ ಮಸಿಯಂತೆ ಕಪ್ಪಾಗುತ್ತಿತ್ತು, ಅಡಿಕೆಯ ಒಗರು ಕಬ್ಬಿಣಕ್ಕೆ ಸೇರಿದರೆ ಆಗುವುದೇ ಹಾಗೆ. ದಿನಾ ಸಂಜೆ ಅಲಗು ಒರೆಸಿ, ಕೊಬ್ಬರಿ ಎಣ್ಣೆ ಸವರಿ, ಚರ್ಮದ ಚೀಲಕ್ಕೆ ಹಾಕಿಡುತ್ತಿದ್ದೆ.

ಆರಿದ್ರಾ ಮಳೆ ಹಿಡಿದ ಮೇಲೆ ಎಲ್ಲ ಬದಲಾಯಿತು. ವಾರಗಟ್ಟಲೆ ಬಿಸಿಲಿಲ್ಲ, ಚರ್ಮದ ಚೀಲ ಮುಟ್ಟಿದರೆ ತಣ್ಣಗೆ ಒದ್ದೆ. ಅಲಗಿನ ಬಾಯಿಯುದ್ದಕ್ಕೂ ಸೂಜಿಮೊನೆಯಷ್ಟು ಸಣ್ಣ ಗುಳಿಗಳು ಎದ್ದವು. ಕಣ್ಣಿಗೆ ಕಾಣುವುದಿಲ್ಲ, ಉಗುರು ಎಳೆದರೆ ತಿಳಿಯುತ್ತದೆ. ಕಸಿಕಡ್ಡಿಯ ಬುಡವನ್ನು ಬೆಣೆಯಂತೆ ಒಂದೇ ಎಳೆತಕ್ಕೆ ನುಣ್ಣಗೆ ಸವರಬೇಕು. ನನ್ನದು ನಾರು ನಾರಾಗಿ ಹರಿಯುತ್ತಿತ್ತು. ಸಿಪ್ಪೆಯ ಕೆಳಗಿನ ಹಸಿರು ಪದರಕ್ಕೆ ಪದರ ಕೂಡದಿದ್ದರೆ ಕಸಿ ಅಂಟುವುದಾದರೂ ಹೇಗೆ? ಆ ವರ್ಷ ಮೂವತ್ತೆರಡು ಕೊಟ್ಟೆಗಳಲ್ಲಿ (ಸಸಿಯ ಪ್ಲಾಸ್ಟಿಕ್ ಚೀಲ) ಚಿಗುರಿದ್ದು ಒಂಬತ್ತು. ಎಲ್ಲಕ್ಕೂ ಚಾಕೇ ಕಾರಣ ಅನ್ನಲಾರೆ. ಆದರೆ ಹಿಂದಿನ ವರ್ಷ ಇದೇ ಮರದ ಕಡ್ಡಿ, ಇದೇ ಕೈ, ಅರ್ಧಕ್ಕಿಂತ ಹೆಚ್ಚು ಬಂದಿದ್ದವು.

ಬೆರಳು ಕೊಯ್ದದ್ದು ಆ ಕಸಿ ಕೆಲಸದ ಮೂರನೆಯ ದಿನ. ಚಾಕು ಬಿಚ್ಚಲು ಹೋದರೆ ಅಲಗು ಅರ್ಧಕ್ಕೆ ಬಂದು ನಿಂತಿತು. ಹೆಬ್ಬೆರಳ ಉಗುರನ್ನು ಅಲಗಿನ ಗೀರಿಗೆ ಸಿಕ್ಕಿಸಿ ಜೋರಾಗಿ ಎಳೆದೆ. ಉಗುರು ಜಾರಿತು. ಸ್ಪ್ರಿಂಗ್ ಅಲಗನ್ನು ಪಟ್ಟನೆ ಒಳಕ್ಕೆಳೆದುಕೊಂಡಿತು, ಹಿಡಿಯನ್ನು ಸುತ್ತಿ ಹಿಡಿದಿದ್ದ ಎಡಗೈಯ ತೋರುಬೆರಳು ನಡುವೆ ಸಿಕ್ಕಿತು. ರಕ್ತದ ಜೊತೆ ಕೀಲಿನಿಂದ ಕೆಂಪು ಕೆಸರಿನಂಥ ತುಕ್ಕಿನ ನೀರೂ ಇಳಿಯುತ್ತಿತ್ತು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿ ಧನುರ್ವಾಯುವಿನ ಇಂಜೆಕ್ಷನ್ ಕೊಟ್ಟರು.

ಗಾಯ ಮಾಗಿದ ಮೇಲೆ ನಮ್ಮೂರ ಆಚಾರಿಯ ಹತ್ತಿರ ಕೀಲಿನ ಪಿನ್ನು ಹೊಡೆಸಿ ಬಿಚ್ಚಿಸಿದೆ. ಹೊರಗೆ ಹೊಳೆಯುತ್ತಿದ್ದ ಅಲಗಿನ ಬುಡ ಒಳಗೆ ಹಪ್ಪಳದ ಹಾಗೆ ಎದ್ದಿತ್ತು. ಕಬ್ಬಿಣ ತುಕ್ಕಾದರೆ ಮೊದಲಿಗಿಂತ ಹೆಚ್ಚು ಜಾಗ ತಿನ್ನುತ್ತದೆ, ಬಿಗಿಯಾದ ಕೀಲು ಸಿಕ್ಕಿಕೊಳ್ಳುವುದು ಅದಕ್ಕೇ. "ಹೆಗಡೇರೆ, ನಮ್ಮ ಕತ್ತಿನೂ ಲಾರಿ ಸ್ಪ್ರಿಂಗ್ ಪಟ್ಟಿದೇ, ತುಕ್ಕು ಹಿಡಿಯೋದೇ. ಆದ್ರೆ ಅದಕ್ಕೆ ಹೊಟ್ಟೆ ಇಲ್ಲ. ಇದ್ರ ಹೊಟ್ಟೇಲಿ ನೀರು ಕೂತಿತ್ತು" ಅಂದರು. ಮಾರುವವರ ಅರ್ಧ ಗಂಟೆ ಮಾತಿನಲ್ಲಿ ಇದೊಂದು ಬರಲೇ ಇಲ್ಲ. ಹರಿತದ ಮಾತೆಲ್ಲ ಅಲಗಿನದು. ಮಡಚು ಚಾಕು ಕೆಡುವುದು ಬಟ್ಟೆ ಹೋಗದ ಜಾಗದಲ್ಲಿ.

ಸ್ಟೇನ್‌ಲೆಸ್ ಹರಿತ ನಿಲ್ಲುವುದಿಲ್ಲ ಎಂಬ ಮಾತೂ ಹಳೆಯ ಕಾಲದ್ದು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ 1913ರಲ್ಲಿ ಹ್ಯಾರಿ ಬ್ರೇರ್ಲಿ ಆ ಉಕ್ಕು ಮಾಡಿದಾಗ, ಮೊದಮೊದಲ ಚಾಕುಗಳಿಗೆ ಕೊಯ್ಯದ ಚಾಕು ಎಂಬ ಹೆಸರು ಬಂದದ್ದು ನಿಜ. ಆದರೆ ಫ್ರಾನ್ಸಿನ ಒಪಿನೆಲ್ ಮಡಚು ಚಾಕು ಇಂದು ಎರಡೂ ಉಕ್ಕಿನಲ್ಲಿ ಸಿಗುತ್ತದೆ. ಅದರ ಸ್ಟೇನ್‌ಲೆಸ್ 12ಸಿ27 ಬಗೆಯ ಉಕ್ಕು, ಕ್ರೋಮಿಯಂ ಶೇ. 13ಕ್ಕಿಂತ ಹೆಚ್ಚು. ಕಸಿ ಕೆಲಸಕ್ಕೆ ಅದು ಧಾರಾಳ ಸಾಕು. ನನ್ನ ಚಾಕಿನ 1095 ಎಂಬ ಬಗೆಯ ಉಕ್ಕಿನಲ್ಲಿ ಕಾರ್ಬನ್ ಶೇ. 0.95ರಷ್ಟು, ತುಕ್ಕು ತಡೆಯುವ ಕ್ರೋಮಿಯಂ ಇಲ್ಲವೇ ಇಲ್ಲ. ಸ್ಟೇನ್‌ಲೆಸ್ ಎನ್ನಿಸಿಕೊಳ್ಳಲು ಕ್ರೋಮಿಯಂ ಕನಿಷ್ಠ ಶೇ. 10.5 ಬೇಕು. ಕಾಸಿ ತಣಿಸುವ ಹದ ಕೆಟ್ಟಿದ್ದರೆ ಯಾವ ಉಕ್ಕೂ ಹರಿತ ನಿಲ್ಲಿಸದು, ಅದು ಬೇರೆ ಮಾತು.

ಕೊಳ್ಳುವಾಗ ಅಲಗಿನ ಜೊತೆ ಸ್ಪ್ರಿಂಗ್ ಯಾವುದರದ್ದು ಎಂದೂ ಬಿಡದೆ ಕೇಳಿ. ಅಲಗು ಸ್ಟೇನ್‌ಲೆಸ್ ಇದ್ದು ಸ್ಪ್ರಿಂಗ್ ಕಾರ್ಬನ್ ಇದ್ದರೆ ನಮ್ಮ ಮಳೆಗೆ ಮತ್ತದೇ ಕಥೆ. ಸಮುದ್ರದ ಬದಿಯವರು ಸ್ಟೇನ್‌ಲೆಸ್ ಆದರೂ ಉಪ್ಪಿನಂಶ ತೊಳೆದು ಒಣಗಿಸಿಡಿ. ಬಯಲುಸೀಮೆಯ ಒಣ ಹವೆಯಲ್ಲಿ, ದಿನಾ ಬಿಚ್ಚಿ ಬಳಸುವವರಿಗೆ ಕಾರ್ಬನ್ ಚಾಕು ಸುಖವೇ, ಬೇಡ ಎನ್ನುವುದಿಲ್ಲ. ಆದರೆ ಕೀಲಿಗೂ ಎರಡು ಹನಿ ಎಣ್ಣೆ ಬಿಡಿ, ಚರ್ಮದ ಚೀಲದಲ್ಲಂತೂ ಇಡಲೇಬೇಡಿ. ಬಿಗಿಯಾದ ಚಾಕನ್ನು ಉಗುರಿನಿಂದ ಎಳೆಯಬೇಡಿ. ಕೀಲಿಗೆ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ.

ಬಿಚ್ಚಿಸಿದ ಚಾಕು ಇನ್ನೂ ನನ್ನ ಹತ್ತಿರ ಇದೆ. ಕಸಿ ಕಟ್ಟಲು ಬಂದವರಿಗೆ ಆ ಅಲಗಿನ ಬುಡ ತೋರಿಸುತ್ತೇನೆ.