ಪಾದರಸದ ಪರೀಕ್ಷೆ: ಆಸಿಡ್‌ನಲ್ಲಿ ಕಾಯಿಸೋದಾ, ನೇರವಾಗಿ ಸುಡೋದಾ?

ಹಾಸನದ ನಮ್ಮ ಲ್ಯಾಬ್‌ಗೆ ಪಾದರಸ ನೋಡಲು ಬರುವ ಸ್ಯಾಂಪಲ್‌ಗಳು ಹೆಚ್ಚಾಗಿ ಮೂರು ಬಗೆ: ಇಟಿಪಿ (ಕಾರ್ಖಾನೆಯ ಕೊಳಚೆ ನೀರನ್ನು ಶುದ್ಧಮಾಡುವ ಘಟಕ) ಕೆಸರು, ಬಾಯ್ಲರ್ ಬೂದಿ, ಕಾರ್ಖಾನೆಯಿಂದ ಹೊರಬಿಡುವ ನೀರು. ಆಸಿಡ್‌ನಲ್ಲಿ ಕಾಯಿಸಿ ಆಮೇಲೆ ಪಾದರಸವನ್ನು ಆವಿಯಾಗಿ ಹೊರತೆಗೆಯುವ ಹಳೆಯ ಕೋಲ್ಡ್ ವೇಪರ್ ಎಎಎಸ್ ಮತ್ತು ಸ್ಯಾಂಪಲನ್ನು ನೇರವಾಗಿ ಸುಡುವ ಡೈರೆಕ್ಟ್ ಮರ್ಕ್ಯುರಿ ಅನಲೈಸರ್, ಎರಡರಲ್ಲೂ ಇವನ್ನು ಓಡಿಸಿ ನೋಡಿದ್ದೇನೆ. ಪಾದರಸದ ಆವಿ 253.7 ನ್ಯಾನೋಮೀಟರ್ ಬೆಳಕನ್ನು ಎಷ್ಟು ಹೀರಿತು ಅಂತ ಅಳೆಯುವುದೇ ಎರಡರ ಕೆಲಸ. ವ್ಯತ್ಯಾಸ ಇರೋದು ಅದಕ್ಕೂ ಮೊದಲಿನ ತಯಾರಿಯಲ್ಲಿ.

ಕೆಸರಿನ ವಿಷಯಕ್ಕೆ ಬಂದರೆ ಕೋಲ್ಡ್ ವೇಪರ್ ಸಾಕುಸಾಕು ಮಾಡುತ್ತದೆ. ಆಸಿಡ್, ಪರ್ಮಾಂಗನೇಟ್ ಹಾಕಿ 95 ಡಿಗ್ರಿ ವಾಟರ್ ಬಾತ್‌ನಲ್ಲಿ ಇಡಬೇಕು. ನೇರಳೆ ಬಣ್ಣ ಹೋದರೆ ಮತ್ತೆ ಪರ್ಮಾಂಗನೇಟ್. ಉಳಿದದ್ದನ್ನು ಹೈಡ್ರಾಕ್ಸಿಲಮೀನ್‌ನಿಂದ ತೆಗೆದು, ಆಮೇಲೆ ಪಾದರಸವನ್ನು ಆವಿಯಾಗಿ ಬಿಡಿಸಲು ಸ್ಟ್ಯಾನಸ್ ಕ್ಲೋರೈಡ್. ಬಟ್ಟೆಗೆ ಬಣ್ಣ ಹಾಕುವ ಘಟಕದ ಕೆಸರಾದರೆ ಉಪ್ಪು ಜಾಸ್ತಿ. ಆ ಕ್ಲೋರೈಡ್ ಪರ್ಮಾಂಗನೇಟನ್ನು ತಿನ್ನುತ್ತದೆ, ಕ್ಲೋರಿನ್ ಆಗುತ್ತದೆ. ಕ್ಲೋರಿನ್ ಕೂಡ ಹೆಚ್ಚುಕಮ್ಮಿ ಅದೇ ಬೆಳಕನ್ನು ಹೀರುವುದರಿಂದ ಇಲ್ಲದ ಪಾದರಸ ರಿಪೋರ್ಟ್‌ನಲ್ಲಿ ಕಾಣಿಸುತ್ತದೆ. ಅದನ್ನು ತಪ್ಪಿಸಲು ಹೈಡ್ರಾಕ್ಸಿಲಮೀನ್ ಜಾಸ್ತಿ ಹಾಕಿ, ಬಾಟಲಿಯ ಮೇಲಿನ ಗಾಳಿ ಹೊರಗೆ ಹೋಗಲು ಬಿಡಬೇಕು. ಇಷ್ಟೆಲ್ಲ ಮಾಡಿದ ಮೇಲೆ ಕೈಯಲ್ಲಿ ಉಳಿಯುವ ಆಸಿಡ್ ನೀರು ಬೇರೆ ಅಪಾಯಕಾರಿ ತ್ಯಾಜ್ಯ! ಅದಕ್ಕೂ ಒಂದು ಡ್ರಮ್, ಒಂದು ರಿಜಿಸ್ಟರ್.

ಡೈರೆಕ್ಟ್ ಅನಲೈಸರ್‌ಗೆ ಇದ್ಯಾವುದೂ ಬೇಡ. ಪುಟ್ಟ ದೋಣಿಯಲ್ಲಿ (ದೋಣಿಯಾಕಾರದ ತಟ್ಟೆ) ಕೆಸರು ತೂಗಿಟ್ಟರೆ ಯಂತ್ರವೇ ಒಣಗಿಸಿ ಸುಡುತ್ತದೆ, ಚಿನ್ನದ ಮೇಲೆ ಪಾದರಸ ಹಿಡಿದು, ಮತ್ತೆ ಕಾಯಿಸಿ ಬಿಡುತ್ತದೆ. ಕೆಲವೇ ನಿಮಿಷದಲ್ಲಿ ಉತ್ತರ. ಹಸಿ ಕೆಸರನ್ನೇ ಹಾಕಬಹುದು, ಅದು ದೊಡ್ಡ ಲಾಭ. ಓವನ್‌ನಲ್ಲಿ 105 ಡಿಗ್ರಿಗೆ ಒಣಗಿಸಿದರೆ ಪಾದರಸವೂ ಸ್ವಲ್ಪ ಹಾರಿಹೋಗುತ್ತದೆ ಅಲ್ವಾ? ಅದಕ್ಕೇ ತೇವಾಂಶಕ್ಕೆ ಬೇರೆ ಪಾಲು ತೆಗೆದಿಡುತ್ತೇನೆ.

ಅನಲೈಸರ್‌ನ ದೋಷಗಳೂ ಇವೆ. ಅದು ತಿನ್ನುವುದು ನೂರು ಮಿಲಿಗ್ರಾಂ ಆಸುಪಾಸು. ಗಂಟುಗಂಟಾದ ಕೆಸರಿನಲ್ಲಿ ಒಂದು ಚಿಟಿಕೆ ಮತ್ತೊಂದರ ಹಾಗೆ ಇರುವುದಿಲ್ಲ. ಚೆನ್ನಾಗಿ ಕಲಸಿ, ಮೂರು ದೋಣಿ ಓಡಿಸದೆ ನಾನು ನಂಬುವುದಿಲ್ಲ. ಪಾದರಸ ತುಂಬಿದ ಸ್ಯಾಂಪಲ್ ಹೋದರೆ ಮುಂದಿನದಕ್ಕೂ ಅಂಟಿಕೊಳ್ಳುತ್ತದೆ, ನಡುವೆ ಖಾಲಿ ದೋಣಿ ಸುಡಲೇಬೇಕು. ಸುಟ್ಟ ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಸ್ಟ್ ಟ್ಯೂಬ್ ಸವೆದಾಗ ಬರುವ ಬಿಲ್ ನೋಡಿ ಮಾಲೀಕರು ಮೌನವಾಗುತ್ತಾರೆ. ಆದರೂ ಕೆಸರು, ಬೂದಿಗೆ ನನ್ನ ವೋಟು ಇದಕ್ಕೇ.

ಚಿಮಣಿಯ ಹೊಗೆ ಬೇರೆಯೇ ಆಟ. ಹೊಗೆಯನ್ನು ದ್ರಾವಣದ ಮೂಲಕ ಹಾಯಿಸಿ ಪಾದರಸ ಹಿಡಿಯುವ ಇಂಪಿಂಜರ್ ಸಾಲು ಅಂದರೆ ಗಾಜಿನ ಬಾಟಲಿ, ಐಸ್, ಅವತ್ತೇ ಕಲಸಿದ ಆಸಿಡ್ ಪರ್ಮಾಂಗನೇಟ್, ಎಲ್ಲವನ್ನೂ ಏಣಿ ಹತ್ತಿಸಬೇಕು. ಸಕಲೇಶಪುರದ ಕಡೆ ಮಳೆಗಾಲದಲ್ಲಿ ಇದು ಬೇಡವೇ ಬೇಡ. ಸಂಸ್ಕರಿಸಿದ ಇದ್ದಿಲು ತುಂಬಿದ ಸಾರ್ಬೆಂಟ್ ಟ್ರ್ಯಾಪ್ (ಪಾದರಸವನ್ನು ಹೀರಿ ಹಿಡಿಯುವ ಕೊಳವೆ) ಹಗುರ, ಜೋಡಿಯಾಗಿ ಓಡಿಸಿದರೆ ಒಂದರಿಂದ ಇನ್ನೊಂದನ್ನು ತಾಳೆ ನೋಡಬಹುದು. ಆದರೆ ಟ್ರ್ಯಾಪ್ ಆವಿಯ ಪಾದರಸಕ್ಕೆ ಮಾತ್ರ. ಕಾಫಿ ಸಿಪ್ಪೆ, ಸೌದೆ ಸುಡುವ, ಸರಿಯಾದ ಧೂಳು ಫಿಲ್ಟರ್ ಇಲ್ಲದ ಬಾಯ್ಲರ್‌ನಲ್ಲಿ ಬೂದಿ ಹಾರುತ್ತಿರುತ್ತದೆ. ಅಲ್ಲಿ ಬೈದುಕೊಂಡಾದರೂ ಇಂಪಿಂಜರೇ.

ನೀರಿಗೆ ನಾನು ಕೋಲ್ಡ್ ವೇಪರ್ ಬಿಟ್ಟಿಲ್ಲ. ಕೆರೆ, ಹೊಳೆಗೆ ಬಿಡುವ ನೀರಿನ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಇಷ್ಟು ಕಡಿಮೆ ಅಳೆಯಲು ಹೆಚ್ಚು ನೀರು ತೆಗೆದುಕೊಂಡಷ್ಟೂ ರೀಡಿಂಗ್ ಗಟ್ಟಿ. ಒಂದೇ ಷರತ್ತು: ಗಾಜಿನ ಬಾಟಲಿಯಲ್ಲಿ, ಅಲ್ಲೇ ನೈಟ್ರಿಕ್ ಆಸಿಡ್ ಹಾಕಿ ತರಬೇಕು. ಹಳೇ ಪ್ಲಾಸ್ಟಿಕ್ ಕ್ಯಾನಲ್ಲಿ ತಂದರೆ ನಾನು ಸುಮ್ನೆ ವಾಪಸ್ ಕಳಿಸುತ್ತೇನೆ.