ಕ್ಲಚ್ ಕಿಟ್ಟೋ, ಸ್ಲೇವ್ ಸಿಲಿಂಡರೋ?
ಕಾರಿನ ಕ್ಲಚ್ ತೊಂದರೆ ಕೊಟ್ಟರೆ ಕೆಟ್ಟಿರುವುದು ಕ್ಲಚ್ ಪ್ಲೇಟೋ (ಆಗ ಕಿಟ್ ಬದಲಿಸಬೇಕು), ಪೆಡಲಿನ ಒತ್ತಡವನ್ನು ಫ್ಲೂಯಿಡ್ ಮೂಲಕ ಪಡೆದು ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರೋ ಎಂದು ಹೀಗೆ ನೋಡಿ.
ದೇವಿಮನೆ ಘಟ್ಟದ ನೇರ ಏರಿನಲ್ಲಿ, ರಸ್ತೆ ಖಾಲಿಯಿದ್ದಾಗ, ನಾಲ್ಕನೇ ಗೇರಿನಲ್ಲಿ 2000 ಆರ್‌ಪಿಎಂನಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಜಿಗಿದು ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ: ಪ್ಲೇಟ್ ಸವೆದಿದೆ, ಇಲ್ಲವೇ ಅದಕ್ಕೆ ಎಣ್ಣೆ ತಾಗಿದೆ. ಕಿಟ್ ಬೇಕು, ಪೆಡಲ್ ಒತ್ತಿದಾಗ ಕ್ಲಚ್ಚನ್ನು ತಳ್ಳಿ ಬಿಡಿಸುವ ರಿಲೀಸ್ ಬೇರಿಂಗನ್ನೂ ಜೊತೆಗೇ ಬದಲಿಸಿ.

ಎಂಜಿನ್ ಆಫ್ ಇದ್ದಾಗ ಗೇರ್ ಸಲೀಸಾಗಿ ಬಿದ್ದು, ಚಾಲೂ ಇದ್ದಾಗ ರಿವರ್ಸ್ ಕರ್ರೆನ್ನುತ್ತದೆಯೇ? ಪೆಡಲನ್ನು ಎರಡು ಮೂರು ಸಲ ಪಂಪ್ ಮಾಡಿ. ಸರಿಹೋದರೆ ಗೇರ್‌ಬಾಕ್ಸ್ ಇಳಿಸಲು ದಯವಿಟ್ಟು ಒಪ್ಪಬೇಡಿ, ಮೊದಲು ಹೈಡ್ರಾಲಿಕ್ (ಫ್ಲೂಯಿಡ್, ಅದರ ಸಿಲಿಂಡರ್‌ಗಳು) ನೋಡಿಸಿ. ಸ್ಲೇವ್ ಸಿಲಿಂಡರ್ ಗೇರ್‌ಬಾಕ್ಸಿನ ಹೊರಗಿದ್ದರೆ ಅದರ ರಬ್ಬರ್ ಬೂಟ್ ಎತ್ತಿ. ಒಳಗೆ ಒದ್ದೆಯಿದ್ದರೆ ಸೀಲ್ ಹೋಗಿದೆ. ಕಾರವಾರದ ತೇವದ ಗಾಳಿಯಲ್ಲಿ ಫ್ಲೂಯಿಡ್ ನೀರು ಹೀರುತ್ತದೆ, 2 ವರ್ಷಕ್ಕೊಮ್ಮೆ ಬದಲಿಸಿ.

ಎರಡನೇ ಗೇರ್ ಮಾತ್ರ ಕರ್ರೆಂದರೆ ಕಿಟ್, ಸ್ಲೇವ್ ಎರಡೂ ಬೇಡ, ಗೇರ್ ಬೀಳುವಾಗ ವೇಗ ಹೊಂದಿಸುವ ಗೇರ್‌ಬಾಕ್ಸಿನ ಸಿಂಕ್ರೊ ನೋಡಿಸಿ.